ಅಡ್ಡಬೋರುಗಳಲ್ಲಿಯೂ ನೆಲಗೊಳವೆಗಳಲ್ಲಿಯೂ ಸರಾಗವಾಗಿ ಚಲಿಸುವ ಉಪಕರಣಗಳ ರಚನೆ

ಕರಾವಳಿ ಮತ್ತು ಮಲೆನಾಡಿನ ಸೀಮೆಗಳಲ್ಲಿ ಗುಡ್ಡದ ಮಗ್ಗುಲಿಗೆ ಕೊರೆಯಿಸುವ ಅಡ್ಡಬೋರುಗಳೂ, ಬಯಲುಸೀಮೆಯಲ್ಲಿ ತೆರೆದ ಬಾವಿಯ ಗೋಡೆಯಿಂದ ಹೊರಗಡೆಗೆ ಹೊಡೆಯಿಸುವ ಸೈಡ್ ಬೋರುಗಳೂ, ಪಂಪಿನಿಂದ ತೋಟದವರೆಗೆ ಹೂತಿಡುವ ಪೈಪುಗಳೂ ಈಗ ಜಮೀನುದಾರರಿಗೆಲ್ಲ ಪರಿಚಿತವಾಗಿವೆ. ಇವುಗಳನ್ನು ಮಾಡಿಸುವಾಗ ಇರುವ ಉತ್ಸಾಹವು ಇವುಗಳನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ಕಂಡುಬರುವುದಿಲ್ಲ. ಮೊದಲಿನ ಎರಡು ಮೂರು ವರ್ಷ ನೀರು ಚೆನ್ನಾಗಿ ಬರುವುದು. ಬಳಿಕ ಹೂಳು ತುಂಬಿ, ಮರದ ಬೇರು ನುಗ್ಗಿ, ಅಥವಾ ಕಬ್ಬಿಣದ ಅಂಶವಿರುವ ನೆಲವಾದರೆ ತುಕ್ಕಿನ ಬಣ್ಣದ ಲೋಳೆ ಕಟ್ಟಿ ನೀರು ಸಣ್ಣಗಾಗುವುದು. ಆಗ ಮನೆಯಲ್ಲಿ ಬಿದ್ದಿರುವ ಒಂದು ಕಬ್ಬಿಣದ ಪೈಪಿಗೆ ಬ್ರಷ್ಷನ್ನೋ ಗುದ್ದಲಿಯ ತುಂಡನ್ನೋ ಕಟ್ಟಿ ಒಳಗೆ ನೂಕುವುದು ವಾಡಿಕೆ. ಅದು ನೂರಡಿ ಒಳಗೆ ಹೋಗಿ ಅಲ್ಲಿಯೇ ಸಿಕ್ಕಿಕೊಂಡರೆ, ಕುಂದಿದ್ದ ನೀರು ಪೂರ್ತಿ ನಿಲ್ಲುವುದು. ಸಹಸ್ರಾರು ರೂಪಾಯಿ ವೆಚ್ಚದ ಬೋರು ಒಂದು ಮಧ್ಯಾಹ್ನದಲ್ಲಿ ನಿರರ್ಥಕವಾಗುವುದು. ಇಂತಹ ನಷ್ಟಕ್ಕೆ ಬಹುಮಟ್ಟಿಗೆ ಕಾರಣವು ಉಪಕರಣದ ರಚನೆಯೇ ಹೊರತು ಅದೃಷ್ಟವಲ್ಲ. ಆದುದರಿಂದ ಅಡ್ಡಲಾದ ರಂಧ್ರಗಳಲ್ಲಿ ಉಪಕರಣವು ಹೇಗೆ ಚಲಿಸುವುದು, ಎಲ್ಲಿ ತಡೆಯುವುದು, ಅದನ್ನು ಊರಿನ ಬಡಗಿ ಕಮ್ಮಾರರಿಂದ ಯಾವ ಅಳತೆಗೆ ಮಾಡಿಸತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಡ್ಡಲಾಗಿ ನೀರು ತೆಗೆಯುವ ವಿದ್ಯೆ ಈ ನಾಡಿಗೆ ಹೊಸದಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆ ಮುರಕಲ್ಲಿನ ಗುಡ್ಡಗಳಲ್ಲಿ ಕೈಯಿಂದ ತೋಡಿದ ಸುರಂಗಗಳು ಇಂದಿಗೂ ತೋಟಗಳಿಗೆ ನೀರು ಕೊಡುತ್ತಿವೆ. ಬೀದರಿನ ಹತ್ತಿರ ನೌಬಾದಿನಲ್ಲಿ ಬಹಮನೀ ಸುಲ್ತಾನರ ಕಾಲದ ಸುರಂಗಬಾವಿಯಿದೆ. ವಿಜಯಪುರದಲ್ಲಿ ಆದಿಲ್‌ಶಾಹಿ ಅರಸರು ಪಟ್ಟಣಕ್ಕೆ ಸುರಂಗಗಳಿಂದಲೂ ಸುಟ್ಟ ಮಣ್ಣಿನ ಕೊಳವೆಗಳಿಂದಲೂ ನೀರು ತಂದರು. ಬೇಗಂ ತಾಲಾಬು 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ್ದು. ಅಲ್ಲಿ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ‘ಗುಂಜ್’ ಎಂಬ ಎತ್ತರವಾದ ಕಟ್ಟಡಗಳಿವೆ. ನೀರಿನ ಒತ್ತಡ ಮಿತಿಮೀರದಂತೆ ನೋಡಿಕೊಳ್ಳುವುದೂ, ಹೂಳು ತಳದಲ್ಲಿ ಇಳಿಯುವಂತೆ ಮಾಡುವುದೂ ಇವುಗಳ ಕೆಲಸ. ಕೊಳವೆಯನ್ನು ಹೂಳುವ ಮೊದಲೇ ಅದನ್ನು ಶುಚಿಮಾಡುವ ದಾರಿಯನ್ನು ಆಲೋಚಿಸಿದ್ದರೆಂಬುದು ಇದರಿಂದ ಸ್ಪಷ್ಟ. ಸುರಂಗವಾದರೋ ಆಳು ನಿಂತು ಅಥವಾ ಬಗ್ಗಿ ನಡೆಯುವಷ್ಟು ಎತ್ತರವಿರುವುದರಿಂದ ಅಲ್ಲಿ ಮನುಷ್ಯನೇ ಉಪಕರಣವನ್ನು ಹಿಡಿದು ಹೋಗುವನು. ಎರಡು ಮೂರು ಅಂಗುಲ ವ್ಯಾಸದ ಬೋರಿನಲ್ಲಿಯೂ ನಾಲ್ಕು ಅಂಗುಲದ ಪೈಪಿನಲ್ಲಿಯೂ ಉಪಕರಣವೇ ಒಂಟಿಯಾಗಿ ಹೋಗಿ ಬರಬೇಕು. ಕಣ್ಣಿಗೆ ಕಾಣದ ಕಡೆ ಹೋಗುವ ವಸ್ತುವಿನ ಅಳತೆಯನ್ನು ಹೊರಗಡೆಯೇ ಚೆನ್ನಾಗಿ ಲೆಕ್ಕಹಾಕದೆ ವಿಧಿಯಿಲ್ಲ.

ಮೊದಲು ತೂಕದ ಮಾತು. ನೆಟ್ಟಗಿರುವ ಬಾವಿಯಲ್ಲಿ ಭಾರವು ಸಹಾಯಕ. ಹಗ್ಗ ಸಡಿಲಿಸಿದರೆ ಕೊಡ ತಾನಾಗಿ ಇಳಿಯುವುದು. ಅಡ್ಡಲಾದ ರಂಧ್ರದಲ್ಲಿ ಅದೇ ಭಾರವು ಉಪಕರಣವನ್ನು ಕೆಳಮೈಗೆ ಒತ್ತಿ ಹಿಡಿಯುವುದು, ಉಜ್ಜುವಿಕೆಯಿಂದ ಚಲನೆಯನ್ನು ತಡೆಯುವುದು. ಕಬ್ಬಿಣವನ್ನು ಪ್ಲಾಸ್ಟಿಕ್ ಪೈಪಿನಲ್ಲಿಯೋ ಕಲ್ಲಿನ ಮೇಲೆಯೋ ಎಳೆಯುವುದಕ್ಕೆ ಸುಮಾರಾಗಿ ಅದರ ತೂಕದ ಮೂರರಲ್ಲೊಂದು ಭಾಗ ಬಲ ಬೇಕಾಗುವುದು. ತೂಕದ 100ಕ್ಕೆ 35ರಷ್ಟು ಎಂದಿಟ್ಟುಕೊಂಡರೆ 10 ಕಿಲೋಗ್ರಾಂ ಉಪಕರಣಕ್ಕೆ ಮೂರೂವರೆ ಕಿಲೋಗ್ರಾಂ ಎಳೆತ ಬೇಕು. ಅದು ತಾನಾಗಿ ಜಾರಬೇಕಾದರೆ ಅಡ್ಡಳತೆಯ 100 ಅಡಿಗೆ 35 ಅಡಿ ಇಳಿಜಾರಿರಬೇಕು. ಯಾವ ಅಡ್ಡಬೋರಿಗೂ ಇಷ್ಟು ಇಳಿಜಾರಿರುವುದಿಲ್ಲ. ಅಷ್ಟೇ ಅಲ್ಲ, ನೀರು ಹೊರಕ್ಕೆ ಹರಿಯಲೆಂದು ಬೋರನ್ನು ಒಳಗಡೆಗೆ ಸ್ವಲ್ಪ ಏರುವಂತೆ ಕೊರೆದಿರುತ್ತಾರೆ. 1980ರ ದಶಕದಿಂದೀಚೆಗೆ ಎಣ್ಣೆಯ ಬಾವಿಗಳನ್ನು ಅಡ್ಡಲಾಗಿ ಕೊರೆಯುವುದು ಹೆಚ್ಚಾದಾಗ ಅಲ್ಲಿನ ಇಂಜಿನಿಯರುಗಳಿಗೂ ಇದೇ ತೊಡಕು ಎದುರಾಯಿತು. ಬಾವಿಯು ನೆಟ್ಟಗಿನಿಂದ 65–70 ಡಿಗ್ರಿಯಷ್ಟು ವಾಲಿದ ಮೇಲೆ ಉಪಕರಣಗಳು ತಮ್ಮ ಭಾರದಿಂದ ಇಳಿಯುವುದನ್ನು ನಿಲ್ಲಿಸುತ್ತವೆ. ಅವುಗಳಿಗೆ ಗಾಲಿ ಕಟ್ಟಬೇಕು, ಇಲ್ಲವೆ ಹಿಂದಿನಿಂದ ನೂಕಬೇಕು, ಇಲ್ಲವೆ ಎಳೆಯುವ ಯಂತ್ರ ಬೇಕು. ಆದುದರಿಂದ ‘ಭಾರವಾಗಿದ್ದರೆ ಚೆನ್ನಾಗಿ ನುಗ್ಗುತ್ತದೆ’ ಎಂಬ ಅಭಿಪ್ರಾಯವನ್ನು ಬಿಡತಕ್ಕದ್ದು. ಅಡ್ಡ ದಾರಿಯ ಉಪಕರಣವು ಬಲವನ್ನು ತಡೆಯುವಷ್ಟು ಗಟ್ಟಿಯಾಗಿಯೂ ಸಾಧ್ಯವಾದಷ್ಟು ಹಗುರವಾಗಿಯೂ ಇರಬೇಕು.

ನೀರು ತುಂಬಿದ ಪೈಪಿನಲ್ಲಿ ಇದಕ್ಕಿಂತಲೂ ಉತ್ತಮವಾದ ಉಪಾಯವುಂಟು. ಉಪಕರಣದ ತೂಕವು ಅದು ಸರಿಸುವ ನೀರಿನ ತೂಕಕ್ಕೆ ಸಮನಾಗಿದ್ದರೆ ಅದು ತಳಕ್ಕೂ ಒತ್ತದೆ ಮೇಲಕ್ಕೂ ಒತ್ತದೆ ನಡುವೆ ತೇಲುವುದು. 3 ಅಂಗುಲ ದಪ್ಪ, 7 ಅಂಗುಲ ಉದ್ದದ ಗುಂಡು ತುಂಡು ಸರಿಸುವ ನೀರು ಸುಮಾರು 800 ಗ್ರಾಂ. ಮರದ ತುಂಡನ್ನು ಈ ಅಳತೆಗೆ ಕಡೆಯಿಸಿ, ಮೊಳೆಗಳನ್ನೋ ಕಬ್ಬಿಣದ ಬಿಲ್ಲೆಯನ್ನೋ ಸೇರಿಸಿ ತೂಕವನ್ನು ಅಷ್ಟಕ್ಕೆ ತಂದು, ತೊಟ್ಟಿಯಲ್ಲಿ ಬಿಟ್ಟು ನೋಡತಕ್ಕದ್ದು. ಅದು ಬಹಳ ನಿಧಾನವಾಗಿ ಮುಳುಗಿದರೆ ತೂಕ ಸರಿಯಾಗಿದೆಯೆಂದು ತಿಳಿಯಬಹುದು. ಮರ ನೀರು ಹೀರಿ ಭಾರವಾಗದಂತೆ ಮೊದಲೇ ಎಣ್ಣೆಯನ್ನೋ ಬಣ್ಣವನ್ನೋ ಹಚ್ಚಬೇಕು. ಅಡ್ಡಬೋರಿನಲ್ಲಿ ನೀರು ತಳದಲ್ಲಿ ಮಾತ್ರ ಹರಿಯುವುದರಿಂದ ಅಲ್ಲಿ ಈ ಉಪಾಯ ಸಲ್ಲದು.

ಇನ್ನು ಆಕಾರ. ಮಲೆನಾಡಿನಲ್ಲಿ ದಿಮ್ಮಿಗಳನ್ನು ಎಳೆಯಿಸುವವರು ದಿಮ್ಮಿಯ ತುದಿಯನ್ನು ಸುತ್ತಲೂ ಕೆತ್ತಿ ದುಂಡಗೆ ಮಾಡುವರು. ಹಾಗೆ ಮಾಡದಿದ್ದರೆ ಅದು ಮೊದಲ ಕಲ್ಲಿಗೇ ಗುದ್ದಿ ನಿಲ್ಲುವುದೆಂದು ಅವರಿಗೆ ಗೊತ್ತು. ಪೈಪಿನೊಳಗೂ ಕಲ್ಲುಗಳಿಗೆ ಬದಲು ಜೋಡಣೆಯ ಅಂಚುಗಳೂ, ಅಂಟು ಗಟ್ಟಿಯಾಗಿ ನಿಂತ ಉಬ್ಬುಗಳೂ ಇರುತ್ತವೆ. ಉಪಕರಣದ ಮೂತಿಯು ಅದರ ವ್ಯಾಸದಷ್ಟಾದರೂ ಉದ್ದಕ್ಕೆ ಸಣ್ಣಗಾಗುತ್ತ ಬಂದು ದುಂಡಗೆ ಮುಗಿಯಬೇಕು. ಚೂಪಾದ ತುದಿ ಕೂಡದು. ಅದು ಹೂಳಿನಲ್ಲಿಯೂ ಬೋರಿನ ಮಣ್ಣುಗೋಡೆಯಲ್ಲಿಯೂ ನಾಟಿಕೊಳ್ಳುವುದು. ಎಲ್ಲರೂ ಮರೆಯುವ ಅಂಶವೇನೆಂದರೆ ಹಿಂಭಾಗ. ಮುಂದಿನ ಮೂತಿಯನ್ನು ಅಂದವಾಗಿ ಮಾಡಿಸಿ, ಹಿಂದುಗಡೆ ಚಪ್ಪಟೆಯಾಗಿ ಕತ್ತರಿಸಿ ಬಿಡುವರು. ಒಳಗೆ ಹೋಗುವಾಗ ಸಲೀಸಾಗಿ ದಾಟಿದ ಅಂಚೇ ಹಿಂದಿರುಗುವಾಗ ಈ ಚಪ್ಪಟೆ ಭಾಗವನ್ನು ಬಾಗಿಲಿನ ಅಗುಳಿಯಂತೆ ಹಿಡಿಯುವುದು. ಸಿಕ್ಕಿಕೊಂಡ ಉಪಕರಣಗಳಲ್ಲಿ ಹೆಚ್ಚಿನವು ಹೋಗುವಾಗ ಸಿಕ್ಕಿದವಲ್ಲ, ಬರುವಾಗ ಸಿಕ್ಕಿದವು. ಆದಕಾರಣ ಎರಡು ತುದಿಗಳೂ ಒಂದೇ ರೀತಿಯಾಗಿರತಕ್ಕದ್ದು; ಬೋಲ್ಟಿನ ತಲೆ, ತಂತಿಯ ಗಂಟು, ಹಿಡಿಕೆ ಮುಂತಾದ ಯಾವುದೂ ಮೈಯಿಂದ ಹೊರಕ್ಕೆ ಚಾಚಿರಕೂಡದು.

ತಿರುವುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಕಣ್ಣಳತೆಯು ಇಲ್ಲಿ ಬಹಳ ಮೋಸಗೊಳಿಸುವುದು. ಒಳವ್ಯಾಸ 4 ಅಂಗುಲದ ಪೈಪಿನಲ್ಲಿ 3 ಅಂಗುಲ ದಪ್ಪದ ಗಟ್ಟಿ ಉಪಕರಣವು ನೇರ ಭಾಗದಲ್ಲಿ ಎಷ್ಟೇ ಉದ್ದವಿದ್ದರೂ ಹೋಗುವುದು. ತಿರುವಿನಲ್ಲಿ ಅದರ ನಡುಭಾಗ ಒಳಮಗ್ಗುಲನ್ನು ಮುಟ್ಟುವುದು, ಎರಡು ತುದಿಗಳು ಹೊರಮಗ್ಗುಲನ್ನು ಮುಟ್ಟುವುವು. ಪೈಪಿನ ನಡುಗೆರೆಯು 6 ಅಂಗುಲ ತ್ರಿಜ್ಯದಲ್ಲಿ ಬಾಗಿದ್ದರೆ ಹೊರಮಗ್ಗುಲಿನ ತ್ರಿಜ್ಯ 8 ಅಂಗುಲ, ಒಳಮಗ್ಗುಲಿನದು 4 ಅಂಗುಲ. ಒಳಮಗ್ಗುಲಿನ 4ಕ್ಕೆ ಉಪಕರಣದ ದಪ್ಪ 3ನ್ನು ಕೂಡಿಸಿದರೆ 7. ಎಂಟರ ವರ್ಗ 64ರಲ್ಲಿ ಏಳರ ವರ್ಗ 49ನ್ನು ಕಳೆದರೆ 15. ಇದರ ವರ್ಗಮೂಲ 3.87, ಇದರ ಎರಡರಷ್ಟು, ಅಂದರೆ 7¾ ಅಂಗುಲವೇ ಈ ತಿರುವಿನಲ್ಲಿ ಹೋಗಬಲ್ಲ ಪರಮಾವಧಿ ಉದ್ದ. ದಪ್ಪವನ್ನು ಮೂರೂವರೆ ಅಂಗುಲಕ್ಕೆ ಏರಿಸಿದರೆ ಉದ್ದವು ಐದೂವರೆ ಅಂಗುಲಕ್ಕೆ ಇಳಿಯುವುದು. ಎರಡು ಅಂಗುಲಕ್ಕೆ ಇಳಿಸಿದರೆ ಹತ್ತೂವರೆ ಅಂಗುಲದವರೆಗೂ ಹೋಗಬಹುದು. ಅರ್ಧ ಅಂಗುಲ ದಪ್ಪ ಹೆಚ್ಚಿದ್ದಕ್ಕೆ ಎರಡು ಅಂಗುಲಕ್ಕಿಂತ ಹೆಚ್ಚು ಉದ್ದವನ್ನು ತೆರಬೇಕಾಯಿತು. ತ್ರಿಜ್ಯ 12 ಅಂಗುಲದ ವಿಶಾಲವಾದ ಬೆಂಡಾದರೆ 3 ಅಂಗುಲ ದಪ್ಪದ ಉಪಕರಣ 10 ಅಂಗುಲಕ್ಕೂ ಮೇಲ್ಪಟ್ಟು ಉದ್ದವಿರಬಹುದು. ಒಳಮೂಲೆ ಚೂಪಾಗಿರುವ ಗಿಡ್ಡ ಎಲ್ಬೋ ಆದರೆ ಐದು ಅಂಗುಲಕ್ಕೆ ತೃಪ್ತಿಪಡಬೇಕು.

ಲೆಕ್ಕ ಬೇಸರವೆನಿಸುವವರಿಗೆ ಸುಲಭವಾದ ಮಾರ್ಗವುಂಟು. ಕಣದ ನೆಲದ ಮೇಲೆ ಪೈಪಿನ ತಿರುವನ್ನು ಅದರ ನಿಜವಾದ ಅಳತೆಯಲ್ಲಿಯೇ ಸುಣ್ಣದ ಗೆರೆಯಿಂದ ಬರೆದು, ಉಪಕರಣದ ಉದ್ದ ಅಗಲಕ್ಕೆ ರಟ್ಟನ್ನು ಕತ್ತರಿಸಿ ಎರಡು ಗೆರೆಗಳ ನಡುವೆ ಸರಿಸುತ್ತ ಹೋಗಬೇಕು. ರಟ್ಟಿನ ಮೂಲೆ ಗೆರೆಯನ್ನು ದಾಟಿದರೆ ಉಪಕರಣ ಸಿಕ್ಕುವುದು ನಿಶ್ಚಯ. ಹೀಗೆ ಬಂದ ಉದ್ದದಲ್ಲಿ ಐದರಲ್ಲೊಂದು ಭಾಗವನ್ನಾದರೂ ಕಡಿಮೆಮಾಡಿ ಕಮ್ಮಾರನಿಗೆ ಹೇಳಬೇಕು. ಪೈಪು ನಾವು ಬರೆದ ಗೆರೆಯಷ್ಟು ಚೊಕ್ಕಟವಾಗಿರುವುದಿಲ್ಲ. ಮಾರಾಟದ ಪ್ಲಾಸ್ಟಿಕ್ ಪೈಪುಗಳಿಗೆ 63, 75, 90, 110 ಮಿಲಿಮೀಟರ್ ಎಂದು ಹೇಳುವ ಅಳತೆಗಳು ಹೊರವ್ಯಾಸದ್ದೆಂಬುದನ್ನೂ ಮರೆಯಕೂಡದು. ಒಳವ್ಯಾಸವನ್ನು ಉಳಿದ ತುಂಡಿನಲ್ಲಿ ಅಳೆದೇ ನೋಡತಕ್ಕದ್ದು.

ತೀರ ಗಿಡ್ಡದಾದ ಉಪಕರಣವೂ ಒಳ್ಳೆಯದಲ್ಲ. ಉದ್ದವು ವ್ಯಾಸಕ್ಕಿಂತ ಕಡಿಮೆಯಾದರೆ ಅದು ಪೈಪಿನೊಳಗೆ ಮಗುಚಿ ಅಡ್ಡಡ್ಡಲಾಗಿ ಕೂರುವುದು. ವ್ಯಾಸದ ಒಂದೂವರೆಯಷ್ಟು ಉದ್ದವಿದ್ದರೆ ಸಾಮಾನ್ಯವಾಗಿ ಮಗುಚುವುದಿಲ್ಲ. ಇನ್ನೊಂದು ಪೈಪು ಕವಲೊಡೆಯುವ ‘ಟೀ’ ಜಾಗದಲ್ಲಿ ಗಿಡ್ಡ ಉಪಕರಣವು ಕವಲಿಗೆ ಮೂತಿ ಹಾಕುವುದೂ ಉಂಟು. ನೀರಿನ ಒತ್ತಡದಿಂದ ಸಾಗಿಸುವಂತಹದಾದರೆ ಉಪಕರಣದ ಮುಂದಿನ ಮತ್ತು ಹಿಂದಿನ ಬಿಗಿಬಿಲ್ಲೆಗಳ ನಡುವಿನ ಅಂತರವು ಕವಲಿನ ಬಾಯಿಗಿಂತ ದೊಡ್ಡದಾಗಿರಲೇಬೇಕು. ಇಲ್ಲದಿದ್ದರೆ ನೀರು ಪಕ್ಕಕ್ಕೆ ತಪ್ಪಿಸಿಕೊಂಡು ಉಪಕರಣ ಅಲ್ಲಿಯೇ ನಿಲ್ಲುವುದು. ತಿರುವಿಗಾಗಿ ಗಿಡ್ಡವಾಗಿರಬೇಕು, ಕವಲಿಗಾಗಿ ಉದ್ದವಾಗಿರಬೇಕು ಎಂಬ ಈ ಎರಡು ಬೇಡಿಕೆಗಳನ್ನು ಒಂದೇ ಗಟ್ಟಿ ತುಂಡಿನಿಂದ ಪೂರೈಸಲಾಗದಿದ್ದರೆ, ರೈಲುಗಾಡಿಯ ಡಬ್ಬಿಗಳಂತೆ ಗಿಡ್ಡ ತುಂಡುಗಳನ್ನು ಕೊಂಡಿಗಳಿಂದ ಪೋಣಿಸಬಹುದು. ಕೊಂಡಿಯು ಪ್ರತಿಯೊಂದು ತುಂಡಿನ ನಟ್ಟನಡುವಿನಲ್ಲಿ ಬರಬೇಕು. ಇಂತಹ ಪೋಣಿಸಿದ ಉಪಕರಣವನ್ನು ಎಳೆಯಬೇಕೇ ಹೊರತು ನೂಕಕೂಡದು. ನೂಕಿದರೆ ಒಂದೊಂದು ತುಂಡೂ ಒಂದೊಂದು ಕಡೆಗೆ ಓರೆಯಾಗಿ ಗೋಡೆಗೆ ಆತುಕೊಂಡು, ನೂಕಿದಷ್ಟೂ ಬಿಗಿಯಾಗುವುದು.

ಗಾಲಿಗಳ ಮೇಲೆ ಜನರಿಗೆ ಬಹಳ ಮೋಹ. ಶುಚಿಯಾದ ಪೈಪಿನಲ್ಲಿ ಗಾಲಿಯು ಎಳೆತವನ್ನು ಬಹಳವಾಗಿ ಕಡಿಮೆಮಾಡುವುದು ನಿಜ. ಆದರೆ ಸಣ್ಣ ಗಾಲಿಗೆ ಸಣ್ಣ ಅಂಚೂ ಗೋಡೆಯಾಗುವುದು. ಒಂದು ಅಂಗುಲ ವ್ಯಾಸದ ಗಾಲಿಯು ಕಾಲಂಗುಲದ ಅರ್ಧ, ಅಂದರೆ ಅರೆಕಾಲು ಅಂಗುಲ ಎತ್ತರದ ಅಂಚನ್ನು ಹತ್ತಬೇಕಾದರೆ ಅದರ ಮೇಲಿರುವ ಭಾರದ 100ಕ್ಕೆ 88ರಷ್ಟು ಎಳೆತ ಬೇಕು. ಎರಡು ಅಂಗುಲದ ಗಾಲಿಗೆ 55ರಷ್ಟು ಸಾಕು. ಹೂಳಿನಲ್ಲಂತೂ ಗಾಲಿಯ ಅಚ್ಚಿಗೆ ಮರಳು ಸೇರಿ ಅದು ತಿರುಗುವುದನ್ನೇ ಬಿಡುವುದು. ತಿರುಗದ ಗಾಲಿಯು ನೆಲವನ್ನು ಕೊರೆಯುವ ಗುದ್ದಲಿಯಂತೆ ಕೆಲಸಮಾಡುವುದು. ಹೂಳಿರುವ ಕಡೆ ಗಾಲಿಗೆ ಬದಲಾಗಿ ಮುಂದೆಯೂ ಹಿಂದೆಯೂ ಮೇಲಕ್ಕೆ ಬಾಗಿದ ನುಣುಪಾದ ಮೂರು ನಾಲ್ಕು ಜಾರುಪಟ್ಟಿಗಳನ್ನು ಸುತ್ತಲೂ ಕೂರಿಸುವುದೇ ಮೇಲು. ಉಪಕರಣವು ಒಳಗೆ ಹೊರಳಿದರೂ ಯಾವುದಾದರೊಂದು ಪಟ್ಟಿ ಕೆಳಗಿರುವುದು. ಅಗ್ಗವೂ ಹೌದು.

ಎರಡು ಕಡೆಯೂ ಬಾಯಿರುವ ಪೈಪಿಗೆ ಹಗ್ಗದಿಂದ ಎಳೆಯುವ ಕ್ರಮವೇ ಶ್ರೇಷ್ಠ. ಮೊದಲು ಒಂದು ತೆಳುವಾದ ದಾರವನ್ನು ಒಂದು ಬಾಯಿಂದ ಇನ್ನೊಂದು ಬಾಯಿಗೆ ತರಬೇಕು. ದಾರಕ್ಕೆ ಒಂದು ಹಗುರವಾದ ಬೆಂಡನ್ನು ಕಟ್ಟಿ ಹರಿಯುವ ನೀರಿನಲ್ಲಿ ಬಿಟ್ಟರೆ ನೀರೇ ಅದನ್ನು ಕೊಂಡೊಯ್ಯುವುದು. ಗಿಡ್ಡ ದೂರಕ್ಕೆ ಬಿದಿರಿನ ಅಥವಾ ಅಡಿಕೆಯ ನುಣುಪಾದ ದಬ್ಬೆಯೂ ಆಗುವುದು. ದಾರದಿಂದ ಹುರಿಯನ್ನೂ, ಹುರಿಯಿಂದ ಹಗ್ಗವನ್ನೂ ಎಳೆದುಕೊಳ್ಳಬೇಕು. ಉಪಕರಣದ ಹಿಂದುಗಡೆಯೂ ಒಂದು ಹಗ್ಗ ತಪ್ಪದೆ ಇರಬೇಕು. ಮುಂದೆ ಹೋಗದಿದ್ದಾಗ ಹಿಂದಕ್ಕೆ ಎಳೆದುಕೊಳ್ಳುವ ಈ ಬಾಲದ ಹಗ್ಗವಿಲ್ಲದೆ ಯಾವ ಉಪಕರಣವನ್ನೂ ಪೈಪಿನೊಳಗೆ ಬಿಡಕೂಡದು. ಹಗ್ಗದ ಹುರಿ ಬಿಚ್ಚಿಕೊಂಡು ಉಪಕರಣವನ್ನು ತಿರುಗಿಸದಂತೆ ನಡುವೆ ತಿರುಗುಕೊಂಡಿಯನ್ನು ಹಾಕುವುದು ಒಳ್ಳೆಯದು.

ಹಗ್ಗವು ತಿರುವುಗಳಲ್ಲಿ ಉಜ್ಜುವುದರಿಂದ ಎಳೆತವು ಕೂಡುತ್ತ ಹೋಗದೆ ಗುಣಿಸುತ್ತ ಹೋಗುವುದು. ಉಪಕರಣವನ್ನು ಅಲುಗಿಸಲು 10 ಕಿಲೋಗ್ರಾಂ ಬಲ ಬೇಕಾಗಿದ್ದು, ಉಜ್ಜುವಿಕೆಯ ಪ್ರಮಾಣ 100ಕ್ಕೆ 30ರಷ್ಟಿದ್ದರೆ, ಒಂದು ಕಾಲುಸುತ್ತಿನ ತಿರುವಿನಾಚೆ 16 ಕಿಲೋಗ್ರಾಂ ಬೇಕು. ಎರಡು ತಿರುವಿಗೆ 26, ಮೂರಕ್ಕೆ 41, ನಾಲ್ಕಕ್ಕೆ 66. ಎಳೆಯುವವರು ಬೆವರು ಸುರಿಸುತ್ತಿದ್ದರೂ ಉಪಕರಣದ ಬಳಿ ತಲಪುವುದು ಆರರಲ್ಲೊಂದು ಪಾಲು ಮಾತ್ರ. ಇಂತಹ ಸಂದರ್ಭದಲ್ಲಿ ಟ್ರಾಕ್ಟರನ್ನು ತಂದು ಕಟ್ಟುವುದು ಅವಿವೇಕ. ಬಿಗಿಯಾದ ನೈಲಾನ್ ಹಗ್ಗವು ವೇಗವಾಗಿ ಓಡಿದರೆ ಪ್ಲಾಸ್ಟಿಕ್ ಎಲ್ಬೋವಿನ ಒಳಮೂಲೆಯನ್ನು ಗರಗಸದಂತೆ ಕೊಯ್ದುಬಿಡುವುದು. ಪೈಪಿನಲ್ಲಿ ನೀರಿರುವಾಗಲೇ ನಿಧಾನವಾಗಿ ಎಳೆಯತಕ್ಕದ್ದು. ಎರಡಕ್ಕಿಂತ ಹೆಚ್ಚು ತಿರುವುಗಳಿದ್ದರೆ ನಡುವೆ ಒಂದು ಕಡೆ ಪೈಪನ್ನು ತೆರೆಯುವ ಏರ್ಪಾಡು ಮಾಡಿಕೊಳ್ಳುವುದು ಲೇಸು. ಹೊಸ ಪೈಪು ಹೂಳಿಸುವವರು ಅಂತಹ ಬಾಯನ್ನು ಅಂದೇ ಇಡಿಸಿ, ಗಿಡ್ಡ ಎಲ್ಬೋಗೆ ಬದಲು ಉದ್ದ ಬೆಂಡನ್ನು ಹಾಕಿಸಿದರೆ ಮುಂದಿನ ತೊಂದರೆಯ ಅರ್ಧ ಪಾಲು ಕಡಿಮೆಯಾಗುವುದು. ವಿಜಯಪುರದ ಗುಂಜುಗಳನ್ನು ಕಟ್ಟಿದವರಿಗೆ ಇದು ತಿಳಿದಿತ್ತು.

ಹಗ್ಗ ಹಾಯಿಸಲಾಗದ ಕಡೆ ಸ್ಪಂಜಿನ ಗುಂಡನ್ನು ನೀರಿನ ಒತ್ತಡದಿಂದ ಸಾಗಿಸುವ ಪದ್ಧತಿಯುಂಟು. ಕುಡಿಯುವ ನೀರಿನ ದೊಡ್ಡ ಕೊಳವೆಗಳನ್ನೂ ಹೀಗೆ ಶುಚಿಮಾಡುತ್ತಾರೆ. ಪೈಪಿಗಿಂತ ಸ್ವಲ್ಪ ದಪ್ಪವಾದ, ವ್ಯಾಸದ ಒಂದೂವರೆ ಎರಡರಷ್ಟು ಉದ್ದದ ಈ ಗುಂಡು ಇಕ್ಕಟ್ಟಿನಲ್ಲಿ ಕುಗ್ಗಿ, ಆಚೆ ಹಿಗ್ಗಿ ಮುಂದುವರಿಯುವುದು. ಸಿಕ್ಕಿಕೊಂಡರೂ ಹರಿದು ಹೊರಬರುವ ಸಂಭವ ಹೆಚ್ಚು. ಆದರೆ ಇದರಲ್ಲಿ ಒಂದು ಅಪಾಯವನ್ನು ಚೆನ್ನಾಗಿ ತಿಳಿದಿರಬೇಕು. ನಾಲ್ಕು ಅಂಗುಲದ ಪೈಪಿನ ಬಾಯಿ 81 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡವಿದ್ದರೂ ಗುಂಡಿನ ಹಿಂದೆ 81 ಕಿಲೋಗ್ರಾಂ ಬಲ ನಿಂತಿರುವುದು. ನೀರಾದರೆ ಗುಂಡು ಹೊರಬಿದ್ದ ಕೂಡಲೆ ಬಲ ಕುಗ್ಗುವುದು. ಗಾಳಿಯಾದರೆ ಅದು ಕೋವಿಯೊಳಗಿನ ಮದ್ದಿನಂತೆ ಹಿಗ್ಗಿ ಗುಂಡನ್ನು ಎಸೆಯುವುದು. ಕೆಲಸ ಬೇಗ ಮುಗಿಯಲೆಂದು ಗಾಳಿಯ ಕಂಪ್ರೆಸರನ್ನು ಜೋಡಿಸುವುದನ್ನು ಎಂದಿಗೂ ಮಾಡಕೂಡದು. ನೀರಿನಿಂದ ಮಾಡುವಾಗಲೂ ಮೊದಲು ಪೈಪಿನ ಗಾಳಿಯನ್ನೆಲ್ಲ ಹೊರಬಿಟ್ಟು, ಹೊರಬಾಯಿಯ ಎದುರಿಗೆ ಯಾರೂ, ಮುಖ್ಯವಾಗಿ ನೋಡಲು ಬರುವ ಮಕ್ಕಳು, ನಿಲ್ಲದಂತೆ ಕಾವಲಿಡತಕ್ಕದ್ದು.

ಅಡ್ಡಬೋರು ಮತ್ತು ಸೈಡ್ ಬೋರುಗಳ ಸ್ಥಿತಿ ಬೇರೆ. ಅವಕ್ಕೆ ಒಂದೇ ಬಾಯಿ. ಆಚೆಯಿಂದ ಎಳೆಯುವವರಿಲ್ಲ, ನೂಕಲೇಬೇಕು. ಉದ್ದವಾದ ಸಲಾಕೆಯನ್ನು ನೂಕಿದರೆ ಅದು ಬಾಗುವುದು. ಬಾಗಿ ಬೋರಿನ ಗೋಡೆಗೆ ಒರಗುವುದು. ಇನ್ನೂ ನೂಕಿದರೆ ಹಾವಿನಂತೆ ಸುತ್ತುಸುತ್ತಾಗಿ ಗೋಡೆಯನ್ನು ಒತ್ತಿ ಹಿಡಿದು, ಆಮೇಲೆ ಎಷ್ಟು ನೂಕಿದರೂ ತುದಿ ಅಲುಗದು. ಸಲಾಕೆಯ ಆಸರೆಯಿಲ್ಲದ ಉದ್ದ ಎರಡರಷ್ಟಾದರೆ ಬಾಗದೆ ತಡೆಯುವ ಶಕ್ತಿ ನಾಲ್ಕರಲ್ಲೊಂದಾಗುವುದು. ದಪ್ಪವು ಎರಡರಷ್ಟಾದರೆ ಶಕ್ತಿ ಹದಿನಾರರಷ್ಟಾಗುವುದು. ಆದರೆ ದಪ್ಪ ಸಲಾಕೆ ಭಾರವಾದ್ದರಿಂದ ಗಟ್ಟಿ ಸಲಾಕೆಗಿಂತ ಟೊಳ್ಳಾದ ಪೈಪು ಉತ್ತಮ. ಅದಕ್ಕೆ ಹತ್ತು ಅಡಿಗೊಂದರಂತೆ ಇರುವ ಆಸರೆಯ ಬಿಲ್ಲೆಗಳನ್ನು ಐದು ಅಡಿಗೊಂದರಂತೆ ಹಾಕಿದರೆ ಅಷ್ಟರಿಂದಲೇ ನಾಲ್ಕರಷ್ಟು ಲಾಭ. ಬಿಲ್ಲೆಗಳು ಮರದವಾಗಲಿ ಪ್ಲಾಸ್ಟಿಕ್ಕಿನವಾಗಲಿ, ಅಂಚು ದುಂಡಗಿದ್ದು, ನೀರೂ ಹೂಳೂ ಹಾದುಹೋಗಲು ಸುತ್ತಲೂ ಕಚ್ಚುಗಳಿರಬೇಕು.

ಈ ಕಚ್ಚುಗಳ ಪ್ರಯೋಜನ ಹೂಳಿಗಷ್ಟೇ ಅಲ್ಲ. ಬೋರಿಗೆ ಬಿಗಿಯಾಗಿ ಕೂಡುವ ಉಪಕರಣವು ಪಿಚಕಾರಿಯ ದಟ್ಟೆಯಂತೆ ಕೆಲಸಮಾಡುವುದು. ಒಳಗೆ ನೂಕಿದರೆ ಹೂಳನ್ನೆಲ್ಲ ಮುಂದಕ್ಕೆ ತಳ್ಳಿ ಗಟ್ಟಿಯಾಗಿ ಬಡಿದು ಕೂರಿಸುವುದು. ನೀರು ಬರುವ ಸೀಳುಗಳನ್ನು ಅದೇ ಮುಚ್ಚುವುದು. ಹೊರಗೆ ಎಳೆದರೆ ಹಿಂದೆ ಬರಿದಾದ ಜಾಗಕ್ಕೆ ಗೋಡೆಯ ಮಣ್ಣು ಹೀರಿಕೊಂಡು ಕುಸಿಯುವುದು. ಕೇಸಿಂಗ್ ಇಲ್ಲದ ಮಣ್ಣುಬೋರಿನಲ್ಲಿ ಇದರಿಂದಾಗುವ ಕೇಡು ದೊಡ್ಡದು. ಹೂಳು ತೆಗೆಯುವ ಉಪಕರಣವು ಬೋರಿನ ವ್ಯಾಸದ ಮುಕ್ಕಾಲನ್ನು ಮೀರದೆ, ನಡುವೆ ಟೊಳ್ಳಾಗಿದ್ದು, ಬಾಯಿಂದ ಆರಂಭಿಸಿ ಎರಡು ಮೂರಡಿಗೊಮ್ಮೆ ಹಿಂದಕ್ಕೆ ಎಳೆದು ಹೂಳನ್ನು ಹೊರಗೆ ತರುತ್ತ ಮುಂದುವರಿಯತಕ್ಕದ್ದು. ಬೋರು ಒಳಗಡೆಗೆ ಏರಿರುವುದರಿಂದ ಸಡಿಲಗೊಂಡ ಹೂಳನ್ನು ನೀರೇ ಹೊರತರುವುದು. ಅದಕ್ಕೆ ಸಮಯ ಕೊಟ್ಟರೆ ಸಾಕು.

ಸಲಾಕೆಗಳನ್ನು ಮರೆಯಿಂದ ಜೋಡಿಸಿದ್ದರೆ, ಬಿಗಿಯಾಗುವ ದಿಕ್ಕಿಗೆ ಹೊರತು ಇನ್ನೊಂದು ದಿಕ್ಕಿಗೆ ಕಾಲು ಸುತ್ತನ್ನೂ ತಿರುಗಿಸಕೂಡದು. ಸಿಕ್ಕಿಕೊಂಡಾಗ ಆತುರದಲ್ಲಿ ಹಿಂದುಮುಂದಾಗಿ ತಿರುಗಿಸುವುದು ಸಹಜ. ಆಗ ಒಳಗಿನ ಯಾವುದೋ ಒಂದು ಜೋಡಣೆ ಬಿಚ್ಚಿಕೊಂಡು, ಕೈಗೆ ಅರ್ಧ ಸಲಾಕೆ ಬರುವುದು. ಪ್ರತಿ ಜೋಡಣೆಗೂ ಅಡ್ಡವಾಗಿ ಒಂದು ಪಿನ್ನನ್ನು ಹಾಕಿ, ಅದರ ತಲೆಯನ್ನು ಮೈಮಟ್ಟಕ್ಕೆ ಅರೆದುಬಿಡುವುದು ಇದಕ್ಕೆ ಪರಿಹಾರ.

ನೀರನ್ನು ಹಿಂದಕ್ಕೆ ಚಿಮ್ಮಿಸಿ ತಾನೇ ಮುಂದಕ್ಕೆ ಸಾಗುವ ನಳಿಗೆಮೂತಿಗಳೂ ದೊರೆಯುತ್ತವೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಒತ್ತಡದ ಪಂಪುಗಳು ಅನೇಕ ತೋಟಗಳಲ್ಲಿರುವುದರಿಂದ ಇವನ್ನು ಉಪಯೋಗಿಸಬಹುದೇ ಎಂದು ಕೇಳುವವರುಂಟು. ಮಿತಿಯನ್ನರಿತು ಉಪಯೋಗಿಸಬಹುದು. ಮಿನಿಟಿಗೆ 20 ಲೀಟರ್ ನೀರು ಹರಿದು, ಮೂತಿಯ ಬಳಿ 12 ಕಿಲೋಗ್ರಾಂ ಒತ್ತಡ ಉಳಿದಿದ್ದರೆ ಅದು ಹುಟ್ಟಿಸುವ ಮುನ್ನೂಕು ಸುಮಾರು ಒಂದೂವರೆ ಕಿಲೋಗ್ರಾಂ ಮಾತ್ರ. ನೀರು ತುಂಬಿದ ತೆಳು ಹೋಸು ಮೀಟರಿಗೆ 200 ಗ್ರಾಂ ತೂಗುವುದಾದರೆ, ಇಷ್ಟು ಬಲವು ಇಪ್ಪತ್ತು ಮೀಟರ್, ಎಂದರೆ 65 ಅಡಿ ಹೋಸನ್ನು ಎಳೆಯುವುದರಲ್ಲಿಯೇ ಮುಗಿಯುವುದು. ಮೇಲೆ ಕೈಯಿಂದ ನೂಕಿ ಸಹಾಯಮಾಡಬೇಕು. ಹೋಸು ಉದ್ದವಾದಷ್ಟೂ ಒತ್ತಡವೂ ದಾರಿಯಲ್ಲಿಯೇ ಕುಂದುವುದು. ಕೇಸಿಂಗ್ ಹಾಕಿದ ಭಾಗದಲ್ಲಿ ಮಾತ್ರ ಇದು ಯೋಗ್ಯ. ಬರಿಮಣ್ಣಿನ ಗೋಡೆಗೆ ಚಿಮ್ಮಿಸಿದರೆ ಬೋರನ್ನು ಶುಚಿಮಾಡಿದಂತಾಗದು, ಕೆಡವಿದಂತಾಗುವುದು.

ಇವೆಲ್ಲಕ್ಕೂ ಮೊದಲು ಒಂದು ಪರೀಕ್ಷಾ ತುಂಡನ್ನು ಮಾಡಿಸಿಕೊಳ್ಳತಕ್ಕದ್ದು. ಉಪಕರಣದಷ್ಟೇ ಉದ್ದ, ಉಪಕರಣದಷ್ಟೇ ದಪ್ಪ, ಮೆದು ಮರದ್ದು, ಬ್ರಷ್ಷಾಗಲಿ ಅಲಗಾಗಲಿ ಇಲ್ಲದ್ದು. ಇದಕ್ಕೆ ಸುಣ್ಣವನ್ನು ಬಳಿದು ಒಳಗೆ ಕಳುಹಿಸಿ ಹೊರಗೆ ತೆಗೆದರೆ ಸುಣ್ಣ ಅಳಿಸಿದ ಗುರುತುಗಳಿಂದ ಎಲ್ಲಿ ಯಾವ ಮಗ್ಗುಲು ಉಜ್ಜಿತೆಂದು ತಿಳಿಯುವುದು. ಇದು ಹೋಗಿ ಬಂದರೆ ಮಾತ್ರ ಉಪಕರಣವನ್ನು ಬಿಡಬೇಕು. ಹಗ್ಗಕ್ಕೂ ಸಲಾಕೆಗೂ ಐದು ಅಡಿಗೊಂದು ಬಣ್ಣದ ಗುರುತಿಟ್ಟು, ತಡೆಯುಂಟಾದ ದೂರವನ್ನು ಬರೆದಿಟ್ಟುಕೊಂಡರೆ, ಅಗತ್ಯವಾದಾಗ ಪೈಪನ್ನು ಅಲ್ಲಿಯೇ ಅಗೆಯಬಹುದು. ತೋಟದ ಉದ್ದಕ್ಕೂ ಅಗೆಯಬೇಕಾಗಿಲ್ಲ.

ಎಷ್ಟು ಎಚ್ಚರಿಕೆಯಿದ್ದರೂ ಒಮ್ಮೊಮ್ಮೆ ಉಪಕರಣ ಸಿಕ್ಕಿಕೊಳ್ಳುವುದುಂಟು. ಆಗ ಬಲವಂತ ಮಾಡದೆ, ಹಗ್ಗವನ್ನು ಅರೆಬಿಗಿಯಾಗಿ ಕಟ್ಟಿ, ನೀರನ್ನು ಹರಿಯಬಿಟ್ಟು ಒಂದು ರಾತ್ರಿ ಕಾಯುವುದು ಉತ್ತಮ. ಹೂಳು ಸಡಿಲವಾಗಿ ಬೆಳಗಿನ ಹೊತ್ತಿಗೆ ಬಿಡುಗಡೆಯಾಗುವುದನ್ನು ನಿರೀಕ್ಷಿಸಬಹುದು. ಸೈಡ್ ಬೋರಿನಲ್ಲಿ ಸಿಕ್ಕಿದ್ದನ್ನು ಬಿಡಿಸಲು ಆಳನ್ನು ಬಾವಿಗೆ ಇಳಿಸುವ ವಿಷಯದಲ್ಲಿ ಗ್ರಾಮದ ಮುಖಂಡರು ದಾಕ್ಷಿಣ್ಯ ತೋರಕೂಡದು. ಬಹುದಿನ ಬಳಸದ ಬಾವಿಯಲ್ಲಿಯೂ ಹಳೆಯ ಸುರಂಗದಲ್ಲಿಯೂ ಉಸಿರಾಟಕ್ಕೆ ಬೇಕಾದ ಗಾಳಿ ಇಲ್ಲದಿರಬಹುದು. ಇಳಿಬಿಟ್ಟ ದೀಪ ಆರಿದರೆ ಇಳಿಯಲೇಕೂಡದು. ದೀಪ ಉರಿದ ಮಾತ್ರಕ್ಕೆ ವಿಷದ ಗಾಳಿಯಿಲ್ಲವೆಂದು ಹೇಳುವಂತೆಯೂ ಇಲ್ಲ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸಿದ್ದರೆ ಅದರ ಹೊಗೆಯಲ್ಲಿ ವಾಸನೆಯಿಂದ ತಿಳಿಯದ ಮಾರಕವಾದ ಅನಿಲವೊಂದು ಸೇರಿರುವುದು. ಒಬ್ಬನು ಬಿದ್ದನೆಂದು ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಬೀಳುವುದು ಇಂತಹ ಕಡೆಗಳಲ್ಲಿಯೇ. ಸಿಕ್ಕಿಕೊಂಡ ಕಬ್ಬಿಣದ ಬೆಲೆ ಏನೇ ಇರಲಿ, ಗಾಳಿಯನ್ನು ಯಂತ್ರದಿಂದ ಪರೀಕ್ಷಿಸಿ, ಮೇಲಿನಿಂದ ಗಾಳಿ ಊದಿಸಿ, ಇಳಿಯುವವನ ಎದೆಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಹಿಡಿಯುವ ಇಬ್ಬರನ್ನು ಮೇಲೆ ನಿಲ್ಲಿಸದ ಹೊರತು ಯಾರನ್ನೂ ಒಳಗೆ ಬಿಡಕೂಡದು.